ಲೌಂಜಿನಲ್ಲಿ ಒಂದು ಸಂಜೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಓದು, ನೌಕರಿ, ವ್ಯಾಪಾರ ಎಂದು ಬೆಂಗಳೂರು, ಹೈದರಾಬಾದುಗಳಿಗೆ ಹೋಗಿ ಬರುವ ನಮ್ಮ ಭಾಗದ ಓದುಗರಿಂದ ಈ ಬಾರಿ ಒಂದೇ ವಿಷಯದ, ಅಂದರೆ ಮದ್ಯಕ್ಕೆ ರಸ, ಸಕ್ಕರೆ ಮುಂತಾದವನ್ನು ಬೆರೆಸಿದ ಕಾಕ್‌ಟೇಲ್ ಎಂಬ ಪಾನೀಯ ಕೊಡುವ ಲೌಂಜುಗಳ ಬಗೆಗಿನ, ನಾಲ್ಕು ಪತ್ರಗಳು ಬಂದಿರುವುದರಿಂದ, ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕಷ್ಟೇ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬಳ್ಳಾರಿಯ ಜೀನ್ಸ್ ತಯಾರಿಕಾ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ; ವಯಸ್ಸು 24. ಕಾಲೇಜಿನ ಗೆಳತಿ ತನ್ನ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಕಾಕ್‌ಟೇಲ್ ಲೌಂಜ್ ಒಂದಕ್ಕೆ ಕರೆದಿದ್ದಾಳೆ. ನಾನು ಮದ್ಯ ಮುಟ್ಟುವವಳಲ್ಲ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೋಗದಿದ್ದರೆ ಅವಳಿಗೆ ಬೇಸರ; ಹೋದರೆ ಏನು ತರಿಸಿಕೊಳ್ಳಬೇಕೆಂದು ತಿಳಿಯದೆ ನಗೆಪಾಟಲಿಗೆ ಈಡಾಗುತ್ತೇನೋ ಎಂಬ ಅಂಜಿಕೆ. ದಾರಿ ತಿಳಿಸಿ.
– ಹೆಸರು ಬೇಡ, ಬಳ್ಳಾರಿ

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ನಮ್ಮೂರಿನಲ್ಲಿ 'ಬಾರ್ ಆ್ಯಂಡ್ ರೆಸ್ಟೋರೆಂಟ್' ಎಂಬ ಫಲಕ ಕಂಡರೆ ಹೆಣ್ಣುಮಕ್ಕಳು ರಸ್ತೆಯ ಆಚೆ ಬದಿಗೆ ಸರಿದು ನಡೆಯುವ ರೂಢಿ ಇನ್ನೂ ಇರುವುದರಿಂದ ಲೌಂಜ್ ಎಂದೊಡನೆ ಅದೇ ಚಿತ್ರ ಕಣ್ಣಿಗೆ ಬರುವುದು ಸಹಜ. ಆದರೆ ಇಲ್ಲಿ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮ್ ಇರುವುದಿಲ್ಲ. ಸೋಫಾ, ಗಿಡ್ಡ ಮೇಜು, ಮಂದ ಬೆಳಕು, ಸಂಜೆಯ ಹೊತ್ತಿಗಾದರೂ ಮಾತು ಕೇಳಿಸುವಷ್ಟು ಮೆಲ್ಲನೆಯ ಸಂಗೀತ, ಇವೇ ಅಲ್ಲಿನ ಮುಖ್ಯ ಸರಕು. ಜನ ಅಲ್ಲಿಗೆ ಹೋಗುವುದು ಹೆಚ್ಚಾಗಿ ಎರಡು ಮೂರು ಗಂಟೆ ಕುಳಿತು ಹರಟುವುದಕ್ಕೆ. ಒಂದು ಲೋಟದ ಬೆಲೆಯಲ್ಲಿ ಆ ಕುರ್ಚಿಯ ಬಾಡಿಗೆಯೂ ಸೇರಿದೆ ಎಂದು ತಿಳಿದರೆ ಮೆನು ನೋಡಿದಾಗ ಎದೆ ಅಷ್ಟಾಗಿ ಧಸಕ್ಕೆನ್ನುವುದಿಲ್ಲ.

ಉಡುಪಿನ ಬಗೆಗೆ ಚಿಂತೆ ಬೇಡ. ನಿಮಗೆ ಒಪ್ಪುವ ಅಚ್ಚುಕಟ್ಟಾದ ಚೂಡಿದಾರವಾದರೂ ಸರಿ, ಸೀರೆಯಾದರೂ ಸರಿ. ಬಾಗಿಲಲ್ಲಿ ತಡೆಯುವುದು ಸಾಮಾನ್ಯವಾಗಿ ಚಪ್ಪಲಿ, ಚಡ್ಡಿಯಲ್ಲಿ ಬಂದ ಗಂಡಸರನ್ನು. 21 ವರ್ಷ ತುಂಬಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಗುರುತಿನ ಚೀಟಿ ಕೇಳುವುದುಂಟು, ಆದ್ದರಿಂದ ಒಂದನ್ನು ಜೊತೆಗೆ ಇಟ್ಟುಕೊಳ್ಳಿ. ಕೆಲವು ಕಡೆ ಶನಿವಾರ ಒಳಗೆ ಬಿಡುವುದಕ್ಕೇ ಕವರ್ ಚಾರ್ಜ್ ಎಂದು ಹಣ ಪಡೆಯುತ್ತಾರೆ. ಆ ಹಣ ಊಟದ ಬಿಲ್ಲಿನಲ್ಲಿ ವಜಾ ಆಗುತ್ತದೆಯೋ ಇಲ್ಲವೋ ಎಂಬುದನ್ನು ನಿಮ್ಮ ಗೆಳತಿ ಮೇಜು ಕಾಯ್ದಿರಿಸುವಾಗಲೇ ಕೇಳಿಕೊಳ್ಳಲಿ.

ಇನ್ನು ಕುಡಿಯುವ ವಿಷಯ. ಮೆನುವಿನ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಮಾಕ್‌ಟೇಲ್ ಅಥವಾ 'ಜೀರೋ ಪ್ರೂಫ್' ಎಂಬ ಶೀರ್ಷಿಕೆಯಡಿ ಮದ್ಯವಿಲ್ಲದ ಪಾನೀಯಗಳಿರುತ್ತವೆ. ಹೆಸರಿನ ಮುಂದೆ 'ವರ್ಜಿನ್' ಎಂದಿದ್ದರೆ ಅದರಲ್ಲಿ ಮದ್ಯ ಹಾಕಿಲ್ಲ ಎಂದರ್ಥ. ವರ್ಜಿನ್ ಮೊಹಿಟೊ ಎಂದರೆ ರಮ್ ಬಿಟ್ಟು ನಿಂಬೆ, ಪುದೀನ, ಸಕ್ಕರೆ, ಸೋಡಾ. ರಾಮನವಮಿಯ ಪಾನಕ ಕುಡಿದು ಬೆಳೆದ ನಾಲಿಗೆಗೆ ಅದರಲ್ಲಿ ಹೊಸದೇನೂ ಇಲ್ಲ, ಬೆಲೆಯೊಂದನ್ನು ಬಿಟ್ಟು. ಆದರೆ 'ಮದ್ಯ ಬೇಡ' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಬಾರ್‌ಟೆಂಡರ್ ಕೆಲವೊಮ್ಮೆ ಮಾಕ್‌ಟೇಲಿಗೂ ನಾಲ್ಕು ಹನಿ ಬಿಟರ್ಸ್ ಎಂಬ ಕಹಿ ದ್ರವ ಹಾಕುತ್ತಾನೆ. ಎಲ್ಲ ಕಡೆ ಸಿಗುವ ಅಂಗೊಸ್ಟುರಾ ಬಿಟರ್ಸ್‌ನಲ್ಲಿ ಶೇಕಡ 44ಕ್ಕಿಂತ ಹೆಚ್ಚು ಮದ್ಯಸಾರವಿದೆ. ಹನಿಗಳಿಂದ ಅಮಲೇರುವುದಿಲ್ಲ, ಆದರೆ ವ್ರತದಂತೆ ಪಾಲಿಸುವವರಿಗೆ ಅದೂ ಮದ್ಯವೇ. 'ಬಿಟರ್ಸ್ ಕೂಡ ಬೇಡ' ಎಂದರೆ ಅವರು ಬಿಡುತ್ತಾರೆ.

ಮೊಟ್ಟೆ ತಿನ್ನದವರು ಇನ್ನೂ ಒಂದು ಸಂಗತಿ ಅರಿತಿರಬೇಕು. ಲೋಟದ ಮೇಲೆ ಬೆಣ್ಣೆಯಂತೆ ನಿಂತ ಬಿಳಿ ನೊರೆ ಬಹಳ ಸಲ ಹಸಿ ಮೊಟ್ಟೆಯ ಬಿಳಿಭಾಗದಿಂದ ಬರುತ್ತದೆ. ವಿಸ್ಕಿ ಸೋರ್ ಎಂಬ ಹುಳಿ ಕಾಕ್‌ಟೇಲಿನಲ್ಲಿ ಅದನ್ನು ಹಾಕುವ ಪದ್ಧತಿ ಹಳೆಯದು, ಮಾಕ್‌ಟೇಲಿನ ನೊರೆಗೂ ಅದನ್ನೇ ಬಳಸುವುದುಂಟು. ಟೊಮೆಟೊ ರಸದ ಬ್ಲಡಿ ಮೇರಿಗೆ ಹಾಕುವ ವೂಸ್ಟರ್‌ಶೈರ್ ಸಾಸ್‌ನ ಮೂಲ ಪಾಕದಲ್ಲಿ ಆಂಚೋವಿ ಎಂಬ ಸಣ್ಣ ಮೀನಿದೆ. ಅದರ ಮದ್ಯವಿಲ್ಲದ ರೂಪವಾದ ವರ್ಜಿನ್ ಮೇರಿಯಲ್ಲೂ ಆ ಸಾಸ್ ಉಳಿದುಕೊಳ್ಳುತ್ತದೆ. ನಮ್ಮ ಮನೆಗೆ ಬರುವ ಕಟ್ಟಾ ಸಸ್ಯಾಹಾರಿ ಬಂಧುವೊಬ್ಬರು ಬೆಂಗಳೂರಿನಲ್ಲಿ ಆ ಟೊಮೆಟೊ ರಸವನ್ನು ಎರಡು ಲೋಟ ಹೊಗಳಿ ಹೊಗಳಿ ಕುಡಿದು ಬಂದಿದ್ದರು. ನಾನು ಇಂದಿಗೂ ಅವರಿಗೆ ವಿಷಯ ತಿಳಿಸಿಲ್ಲ. ಕೇಳಿದರೆ ಹಳ್ಳಿಯವಳೆಂದು ತಿಳಿದಾರು ಎಂಬ ಸಂಕೋಚ ನಿಮಗಿರಬಹುದು. ಆದರೆ ಅಲ್ಲಿ ಪ್ರತಿ ಮೇಜಿನವರೂ ಇದರಲ್ಲೇನಿದೆ, ಅದರಲ್ಲೇನಿದೆ ಎಂದು ಕೇಳುತ್ತಲೇ ಇರುತ್ತಾರೆ, ಮತ್ತು ತಾನು ಮಾಡಿದ್ದನ್ನು ವಿವರಿಸುವುದೆಂದರೆ ಬಾರ್‌ಟೆಂಡರನಿಗೆ ಬಲು ಖುಷಿ.

ಪ್ರಶ್ನೆ: ಮೊನ್ನೆ ಹೈದರಾಬಾದಿನ ಲೌಂಜ್ ಒಂದರಲ್ಲಿ ಗೆಳೆಯರು 'ಲಾಂಗ್ ಐಲೆಂಡ್ ಐಸ್ಡ್ ಟೀ' ಕುಡಿಸಿದರು. ಚಹಾ ಎಂದು ನಂಬಿ ಎರಡು ಕುಡಿದು ಮೇಲೇಳಲಾಗಲಿಲ್ಲ. ಇಷ್ಟು ಸಿಹಿಯಾದ ಪಾನೀಯ ಅಷ್ಟು ಗಡುಸಾಗಿರಲು ಸಾಧ್ಯವೇ? ಇನ್ನೊಬ್ಬನ ಲೋಟ ನೀಲಿಯಾಗಿ ಹೊಳೆಯುತ್ತಿತ್ತು. ಅದರಲ್ಲಿ ಏನಾದರೂ ಕಲಬೆರಕೆ ಇತ್ತೇ?
– ಓದುಗ, ರಾಯಚೂರು

ಉತ್ತರ: ನಿಮ್ಮ ಗೆಳೆಯರು ಮಾಡಿದ್ದು ಸರಿಯಲ್ಲ. ಆ ಪಾನೀಯದಲ್ಲಿ ಚಹಾದ ಒಂದು ಎಲೆಯೂ ಇಲ್ಲ. ವೋಡ್ಕಾ, ಜಿನ್, ಬಿಳಿ ರಮ್, ಟಕೀಲಾ ಮತ್ತು ಕಿತ್ತಳೆ ಸಿಪ್ಪೆಯ ಮದ್ಯ, ರೂಢಿಯ ಪಾಕದಲ್ಲಿ ಇವು ತಲಾ 15 ಮಿಲಿಲೀಟರ್; ಮೇಲೆ ನಿಂಬೆರಸ, ಸಕ್ಕರೆ ಪಾಕ, ಬಣ್ಣಕ್ಕೆ ಒಂದಿಷ್ಟು ಕೋಲಾ. ಕೂಡಿಸಿದರೆ 75 ಮಿಲಿಲೀಟರ್ ಆಯಿತು, ಅಂದರೆ 30ರ ಸಣ್ಣ ಪೆಗ್ ಲೆಕ್ಕದಲ್ಲಿ ಒಂದು ಲೋಟಕ್ಕೆ ಎರಡೂವರೆ ಪೆಗ್. ನೀವು ಕುಡಿದದ್ದು ಐದು ಪೆಗ್. ಅದನ್ನೇ ನೀರು ಬೆರೆಸಿ ಎದುರಿಗಿಟ್ಟಿದ್ದರೆ ಎರಡನೆಯದಕ್ಕೇ ಕೈ ಮುಗಿಯುತ್ತಿದ್ದಿರಿ. ಹುಳಿ, ಸಿಹಿ, ತಂಪು ಸೇರಿದರೆ ಮದ್ಯದ ಘಾಟು ಗಂಟಲಿಗೆ ತಾಗುವುದಿಲ್ಲ, ಆದ್ದರಿಂದ ಬಾಯಾರಿದವನು ಬೇಗ ಬೇಗ ಹೀರುತ್ತಾನೆ. ಪೆಟ್ಟು ಬೀಳುವುದು ಅರ್ಧ ಗಂಟೆಯ ಮೇಲೆ. ಲೋಟ ಚಿಕ್ಕದಿದ್ದರೆ ಮದ್ಯವೂ ಕಡಿಮೆ ಎಂಬ ಎಣಿಕೆಯೂ ತಪ್ಪು. ಡ್ರೈ ಮಾರ್ಟಿನಿಯ ಲೋಟ ಅಂಗೈಯಷ್ಟಿದ್ದರೂ ಅದರಲ್ಲಿ 60 ಮಿಲಿಲೀಟರ್ ಜಿನ್, 10 ಮಿಲಿಲೀಟರ್ ವರ್ಮೂತ್ (ಗಿಡಮೂಲಿಕೆ ಬೆರೆಸಿದ ವೈನ್) ಬಿಟ್ಟರೆ ಐಸ್ ಕರಗಿದ ನೀರಷ್ಟೇ ಇರುತ್ತದೆ. ಅಂದಹಾಗೆ ಆ ನೀರು ಮೋಸವಲ್ಲ: ಅಮೆರಿಕದ ಪತ್ರಿಕೆಯೊಂದು 1806ರಲ್ಲಿ ಕಾಕ್‌ಟೇಲ್ ಎಂದರೇನೆಂದು ವಿವರಿಸಿದಾಗ ಮದ್ಯ, ಸಕ್ಕರೆ, ಬಿಟರ್ಸ್‌ಗಳ ಜೊತೆಗೆ ನೀರನ್ನೂ ಹೆಸರಿಸಿತ್ತು.

ನೀಲಿ ಹೊಳಪು ಕಲಬೆರಕೆಯಿಂದ ಬಂದಿರಲಾರದು. ಅದು ಬಹುಶಃ ಜಿನ್ ಮತ್ತು ಟಾನಿಕ್. ಟಾನಿಕ್ ನೀರಿನ ಕಹಿ ಬರುವುದು ಸಿಂಕೋನಾ ಮರದ ತೊಗಟೆಯ ಕ್ವಿನೈನ್‌ನಿಂದ, ಅಂದರೆ ನಮ್ಮ ಅಜ್ಜಂದಿರು ಮಲೇರಿಯಾ ಜ್ವರಕ್ಕೆ ಮುಖ ಸಿಂಡರಿಸಿ ನುಂಗುತ್ತಿದ್ದ ಅದೇ ಔಷಧ. ಬ್ರಿಟಿಷರು ಭಾರತದಲ್ಲಿ ಆ ಕಹಿಯನ್ನು ಸಹಿಸಲು ಸಕ್ಕರೆ, ನಿಂಬೆ, ಜಿನ್ ಬೆರೆಸಿಕೊಂಡರು, ಅದೇ ಮುಂದೆ ಶೋಕಿಯ ಪಾನೀಯವಾಯಿತು. ಈಗಿನ ಟಾನಿಕ್‌ನಲ್ಲಿ ಕ್ವಿನೈನ್ ಪ್ರಮಾಣ ತೀರ ಕಡಿಮೆ. ಆದರೂ ಅತಿನೇರಳೆ ದೀಪದ ಕೆಳಗೆ ಅದು ನೀಲಿಯಾಗಿ ಹೊಳೆಯುತ್ತದೆ, ಅಂತಹ ದೀಪ ಲೌಂಜುಗಳಲ್ಲಿ ಅಪರೂಪವಲ್ಲ.

ಪ್ರಶ್ನೆ: ಮೆನುವಿನ ಬೆಲೆಗಳನ್ನು ಕೂಡಿಸಿ ಹಣ ತೆಗೆದಿಟ್ಟಿದ್ದೆವು. ಬಿಲ್ ಬಂದಾಗ ಶೇಕಡ 10 ಸರ್ವಿಸ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ. ಜಗಳವೇಕೆಂದು ಕೊಟ್ಟು ಬಂದೆವು. ಇದು ಕಡ್ಡಾಯವೇ?
– ಓದುಗ, ಕೊಪ್ಪಳ

ಉತ್ತರ: ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲುಗಳು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ; ಬೇರೆ ಹೆಸರಿನಲ್ಲಿ ವಸೂಲು ಮಾಡುವಂತೆಯೂ ಇಲ್ಲ. ಹೋಟೆಲು ಸಂಘಗಳು ಇದನ್ನು ಪ್ರಶ್ನಿಸಿದಾಗ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. 'ಇದನ್ನು ತೆಗೆದು ಬೇರೆ ಬಿಲ್ ಕೊಡಿ' ಎಂದು ಮೆಲುದನಿಯಲ್ಲಿ ಹೇಳಿದರೆ ಬಹುತೇಕ ಕಡೆ ಎರಡನೆಯ ಮಾತಿಲ್ಲದೆ ತೆಗೆಯುತ್ತಾರೆ. ನನ್ನ ಅನುಭವವೂ ಅದೇ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಡಿಸಿದ ಹುಡುಗನ ಕೆಲಸ ಮೆಚ್ಚಿಗೆಯಾದರೆ ಅವನ ಕೈಗೇ ನೇರವಾಗಿ ಹಣ ಕೊಡುವುದು ನನಗೆ ಸರಿ ಕಾಣುತ್ತದೆ.

ಜಿಎಸ್‌ಟಿಯನ್ನು ಮಾತ್ರ ಕೊಡಲೇಬೇಕು. ಸಾಮಾನ್ಯ ರೆಸ್ಟೋರೆಂಟಿನ ಊಟ, ತಿಂಡಿ, ಮಾಕ್‌ಟೇಲಿಗೆ ಶೇಕಡ 5. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲಿನೊಳಗಾದರೆ ಶೇಕಡ 18. ಮದ್ಯ ಜಿಎಸ್‌ಟಿಯ ವ್ಯಾಪ್ತಿಗೆ ಬರುವುದಿಲ್ಲ, ಅದರ ತೆರಿಗೆ ರಾಜ್ಯ ಸರ್ಕಾರದ್ದು. ಆದ್ದರಿಂದ ಬಿಲ್ಲಿನಲ್ಲಿ ಊಟದ ಲೆಕ್ಕ, ಮದ್ಯದ ಲೆಕ್ಕ ಬೇರೆ ಬೇರೆ ಇರಬೇಕು. ಎರಡನ್ನೂ ಕಲಸಿ ಒಟ್ಟು ಮೊತ್ತಕ್ಕೆ ಜಿಎಸ್‌ಟಿ ಹಾಕಿದ್ದರೆ ಅಲ್ಲಿಯೇ ಕೂಡಿಸಿ ತೋರಿಸಿ.

ಪ್ರಶ್ನೆ: ಮಗ ಗೆಳೆಯರೊಡನೆ ಬಳ್ಳಾರಿಯಿಂದ ಕಾರಿನಲ್ಲಿ ಬೆಂಗಳೂರಿಗೆ ಹೋಗಿ, ಲೌಂಜ್ ಮುಗಿಸಿ ಅದೇ ರಾತ್ರಿ ಮರಳುವ ಯೋಚನೆಯಲ್ಲಿದ್ದಾನೆ. 'ಒಂದೇ ಕಾಕ್‌ಟೇಲ್, ಆಮೇಲೆ ಕಾಫಿ ಕುಡಿದರೆ ಸರಿಹೋಗುತ್ತದೆ' ಎನ್ನುತ್ತಾನೆ. ನಂಬಬಹುದೇ?
– ತಾಯಿ, ಬಳ್ಳಾರಿ

ಉತ್ತರ: ನಂಬಬೇಡಿ, ಅಮ್ಮ. ಕಾಫಿ ನಿದ್ದೆಯನ್ನು ಸ್ವಲ್ಪ ತಡೆಯುತ್ತದೆಯೇ ಹೊರತು ರಕ್ತದಲ್ಲಿನ ಮದ್ಯಸಾರವನ್ನು ಇಳಿಸುವುದಿಲ್ಲ. ಅದನ್ನು ಇಳಿಸುವುದು ಯಕೃತ್ತು, ಅದೂ ಗಂಟೆಗಟ್ಟಲೆ ಸಮಯ ತೆಗೆದುಕೊಂಡು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ರಾಯಚೂರಿನ ಓದುಗರು ಕುಡಿದಂತಹ ಒಂದೇ ಲೋಟವಾದರೂ ಆ ಮಿತಿ ದಾಟಲು ಸಾಕು. ಮಗನಿಗೆ ಕಾರನ್ನು ಮನೆಯಲ್ಲೇ ಬಿಡಲು ಹೇಳಿ. ಹೋಗಲೂ ಬರಲೂ ಹಂಪಿ ಎಕ್ಸ್‌ಪ್ರೆಸ್ ಇದೆ. ಸೀಟು ಸಿಗದಿದ್ದರೆ ಗೆಳೆಯರಲ್ಲಿ ಯಾರದಾದರೂ ಕೋಣೆಯಲ್ಲಿ ರಾತ್ರಿ ಕಳೆದು, ಮರುದಿನ ಊಟ ಮುಗಿಸಿಕೊಂಡು ಹೊರಡಲಿ.