ಅಮೆರಿಕದ ಸಣ್ಣ ಕೌಂಟಿಗಳ ಮೀಡಿಯನ್ ಆದಾಯ: ಟ್ರ್ಯಾಕ್ಟ್‌ಗಳ ಸರಾಸರಿ ಹಾಕಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಥೀಸಿಸ್‌ಗಾಗಿ ಟೆಕ್ಸಾಸ್‌ನ 254 ಕೌಂಟಿಗಳ (ನಮ್ಮ ಜಿಲ್ಲೆಯಂಥವು) ಮೀಡಿಯನ್ ಮನೆ ಆದಾಯ, ಅಂದರೆ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವ ಆದಾಯ ಬೇಕು. ಅಮೆರಿಕದ ಸೆನ್ಸಸ್ ಬ್ಯೂರೋ ನಡೆಸುವ ಎಸಿಎಸ್ (ಅಮೆರಿಕನ್ ಕಮ್ಯುನಿಟಿ ಸರ್ವೆ) ಸಮೀಕ್ಷೆಯ ಒಂದು ವರ್ಷದ ಪಟ್ಟಿಯಲ್ಲಿ ಹೆಚ್ಚಿನ ಕೌಂಟಿಗಳೇ ಇಲ್ಲ. ಹಾಗಾಗಿ ಕೌಂಟಿಯೊಳಗೆ ಜನಗಣತಿಗಾಗಿ ಗುರುತಿಸಿದ ಸಣ್ಣ ಪ್ರದೇಶಗಳಾದ ಸೆನ್ಸಸ್ ಟ್ರ್ಯಾಕ್ಟ್‌ಗಳ ಮೀಡಿಯನ್ ತೆಗೆದು ಸರಾಸರಿ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಮಾಡಿದ್ದೆ. ಬಡ ಕೌಂಟಿಯೊಂದು ನಕ್ಷೆಯಲ್ಲಿ ಅನುಕೂಲಸ್ಥರ ಬಣ್ಣದಲ್ಲಿ ಕೂತಿತ್ತು. ನೆರವಿನ ಪಟ್ಟಿಯಿಂದ ಅದು ಇನ್ನೇನು ಬಿಟ್ಟುಹೋಗುವುದರಲ್ಲಿತ್ತು. ಆ ದಿನ ಆದ ಸಂಕಟ ಇನ್ನೂ ನೆನಪಿದೆ.

ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ಒಂದು ಬೀದಿಯಲ್ಲಿ ಐದು ಮನೆ. ಆದಾಯ ಸಾವಿರ ಡಾಲರ್‌ಗಳಲ್ಲಿ 20, 30, 40, 50, 60. ನಡುವಿನದು 40. ಪಕ್ಕದ ಬೀದಿಯಲ್ಲಿ ಮೂರು ಮನೆ: 90, 100, 200. ನಡುವಿನದು 100. ಎರಡರ ಸರಾಸರಿ 70 ಬರುತ್ತದೆ. ಈಗ ಎಂಟೂ ಮನೆಗಳನ್ನು ಸಾಲಾಗಿ ನಿಲ್ಲಿಸಿ. ನಡುವೆ ಬರುವುದು 50 ಮತ್ತು 60, ಅಂದರೆ ನಿಜವಾದ ಮೀಡಿಯನ್ 55. ಮನೆಗಳ ಸಂಖ್ಯೆಗೆ ತಕ್ಕ ತೂಕ ಕೊಟ್ಟರೂ 62.5 ಬರುತ್ತದೆ, ಅದೂ ತಪ್ಪೇ. ಮೀಡಿಯನ್ ಅನ್ನುವುದು ಸಾಲಿನಲ್ಲಿ ಒಂದು ಜಾಗ. ಸಾಲು ಕೈಯಲ್ಲಿಲ್ಲದೆ ಜಾಗ ಹುಡುಕಲು ಆಗುವುದಿಲ್ಲ ಅಲ್ವಾ?

ಸಣ್ಣ ಕೌಂಟಿಗಳು ಏಕೆ ಕಾಣುತ್ತಿಲ್ಲ ಅಂದರೆ, ಎಸಿಎಸ್‌ನ ಒಂದು ವರ್ಷದ ಅಂಕಿ 65,000ಕ್ಕಿಂತ ಕಡಿಮೆ ಜನರಿರುವ ಜಾಗಕ್ಕೆ ಬರುವುದಿಲ್ಲ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಕೇಳುತ್ತಾರೆ, ನಿಜ. ಆದರೆ ಅದು ಇಡೀ ದೇಶಕ್ಕೆ. ನಿಮ್ಮ ಟೆಕ್ಸಾಸ್‌ನದೇ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಯ ಪ್ರಕಾರ ಇದ್ದದ್ದು 64 ಜನ. ಅಂಥ ಕಡೆ ಎಷ್ಟು ಮನೆ ಸಿಕ್ಕಾವು? ಅದಕ್ಕೇ ಐದು ವರ್ಷದ ಉತ್ತರಗಳನ್ನು ಒಟ್ಟು ಸೇರಿಸಿ ಎಲ್ಲ ಕೌಂಟಿಗಳಿಗೂ ಇನ್ನೊಂದು ಅಂದಾಜು ಕೊಡುತ್ತಾರೆ. 2019–2023ರ ಅಂಕಿಯಲ್ಲಿ ಐದೂ ವರ್ಷದ ಆದಾಯವನ್ನು 2023ರ ಡಾಲರ್ ಬೆಲೆಗೆ ತಂದಿರುತ್ತಾರೆ. ಅದನ್ನು 2023ರ ಆದಾಯ ಎಂದು ಬರೆದುಬಿಡಬೇಡಿ. ಕೋವಿಡ್ ವರ್ಷವೂ ಅದರೊಳಗೇ ಇದೆ.

ನಿಮಗೆ ಬೇಕಿರುವುದು ಒಂದೇ ವರ್ಷದ್ದು, ಎಲ್ಲ ಕೌಂಟಿಗಳದ್ದು. ಅದಕ್ಕಾಗಿಯೇ ಸೆನ್ಸಸ್ ಬ್ಯೂರೋ 'ಸೈಪ್' (SAIPE, ಸಣ್ಣ ಪ್ರದೇಶಗಳ ಆದಾಯ ಮತ್ತು ಬಡತನದ ಅಂದಾಜು) ಎಂಬ ಅಂದಾಜನ್ನು ಪ್ರತಿ ವರ್ಷ ಹೊರತರುತ್ತದೆ. ಇದರ ಕೆಲಸದ ರೀತಿ ನನಗೆ ತುಂಬಾ ಇಷ್ಟ. ಒಂದು ಕಡೆ ಸಮೀಕ್ಷೆ ನೇರವಾಗಿ ಹೇಳುವ ಆದಾಯ. ಇನ್ನೊಂದು ಕಡೆ ಆ ಕೌಂಟಿಯವರು ಸಲ್ಲಿಸಿದ ತೆರಿಗೆ ರಿಟರ್ನ್‌ಗಳಂಥ ದಾಖಲೆ ನೋಡಿ ರಿಗ್ರೆಶನ್ (ಒಂದು ಅಂಕಿಗೆ ಬೇರೆ ಅಂಕಿಗಳೊಂದಿಗಿರುವ ನಂಟು ಹುಡುಕುವ ಲೆಕ್ಕ) ಮಾಡುವ ಊಹೆ. ಎರಡನ್ನೂ ತೂಗಿ ಒಂದು ಮಾಡುತ್ತಾರೆ. ದೊಡ್ಡ ಕೌಂಟಿಯಲ್ಲಿ ಸಮೀಕ್ಷೆಯ ಮಾತಿಗೆ ತೂಕ ಜಾಸ್ತಿ. ಉತ್ತರ ಕೊಟ್ಟ ಮನೆಗಳು ಬೆರಳೆಣಿಕೆಯಷ್ಟಾದರೆ ಊಹೆಗೆ ಜಾಸ್ತಿ. 1979ರಲ್ಲಿ ಫೇ ಮತ್ತು ಹೆರಿಯಟ್ ಎಂಬ ಸಂಖ್ಯಾಶಾಸ್ತ್ರಜ್ಞರು ಸಣ್ಣ ಊರುಗಳ ತಲಾ ಆದಾಯಕ್ಕೆ ಬಳಸಿದ ದಾರಿ ಇದೇ ಬಗೆಯದು. ಸಣ್ಣ ಜಾಗ ತನ್ನಂಥ ಬೇರೆ ಜಾಗಗಳಿಂದ ಬಲ ಸಾಲ ಪಡೆಯುತ್ತದೆ.

ಯಾವುದನ್ನೇ ತೆಗೆದುಕೊಂಡರೂ ಪಕ್ಕದ ಕಾಲಂ ಬಿಡಬೇಡಿ. ಸೈಪ್‌ನಲ್ಲಿ ಶೇ. 90ರಷ್ಟು ಭರವಸೆ ಇಡಬಹುದಾದ ಮೇಲಿನ, ಕೆಳಗಿನ ಮಿತಿ ಇರುತ್ತದೆ. ಎಸಿಎಸ್‌ನಲ್ಲಿ ತಪ್ಪಿನ ಅಂತರ (ಅಂಕಿ ಎಷ್ಟು ಮೇಲೆ ಕೆಳಗೆ ಆಗಬಹುದು ಎಂಬುದು) ಇರುತ್ತದೆ. ಎಸಿಎಸ್‌ನಲ್ಲಿ ಒಂದು ಕೌಂಟಿ 54,000, ಹೆಚ್ಚುಕಡಿಮೆ 6,000. ಇನ್ನೊಂದು 58,000, ಹೆಚ್ಚುಕಡಿಮೆ 5,000 ಅಂದುಕೊಳ್ಳಿ. ಎರಡು ಅಂತರಗಳ ವರ್ಗ ಕೂಡಿ ವರ್ಗಮೂಲ ತೆಗೆದರೆ ಸುಮಾರು 7,800. ಎರಡು ಕೌಂಟಿಗಳ ಆದಾಯದ ವ್ಯತ್ಯಾಸ ಬರೀ 4,000, ಅದಕ್ಕಿಂತ ಕಡಿಮೆ. ಎರಡನೆಯದು ಶ್ರೀಮಂತ ಎಂದು ಹೇಳಲು ಈ ಅಂಕಿ ಸಾಲದು.

ಒಂದು ವೇಳೆ ನಾಲ್ಕಾರು ಕೌಂಟಿಗಳನ್ನು ಒಂದು ಪ್ರದೇಶವಾಗಿ ಸೇರಿಸಬೇಕಾದರೆ, ಎಸಿಎಸ್‌ನ ಬಿ19001 ಟೇಬಲ್ ತೆಗೆಯಿರಿ. ಮನೆಗಳನ್ನು ಆದಾಯದ 16 ಗುಂಪುಗಳಾಗಿ ಅಲ್ಲಿ ಕೊಟ್ಟಿದ್ದಾರೆ. ಸಾಲು ಸಿಗುವುದು ಅಲ್ಲೇ. ಎಲ್ಲ ಕೌಂಟಿಗಳ ಮನೆಗಳನ್ನು ಗುಂಪುಗುಂಪಾಗಿ ಕೂಡಿ. ಒಟ್ಟು 10,000 ಮನೆ, 50,000 ಡಾಲರ್‌ಗಿಂತ ಕೆಳಗೆ 4,200, ಮುಂದಿನ 60,000ದವರೆಗಿನ ಗುಂಪಿನಲ್ಲಿ 1,600 ಅಂದುಕೊಳ್ಳೋಣ. 5,000ನೇ ಮನೆ ಮುಟ್ಟಲು ಆ ಗುಂಪಿನಲ್ಲಿ ಇನ್ನೂ 800 ಮನೆ ಹೋಗಬೇಕು, ಅಂದರೆ ಅರ್ಧ ದಾರಿ. ಮೀಡಿಯನ್ ಸುಮಾರು 55,000.

ಸೈಪ್ ಮತ್ತು ಎಸಿಎಸ್ ಅಂಕಿಗಳನ್ನು ಮಾತ್ರ ಒಂದೇ ಕಾಲಂನಲ್ಲಿ ಬೆರೆಸಬೇಡಿ. 254 ಕೌಂಟಿಗಳಿಗೂ ಸೈಪ್ ಒಂದನ್ನೇ ಹಿಡಿಯಿರಿ. ಲೆಕ್ಕ ಎಲ್ಲಾದರೂ ಸಿಕ್ಕಿಕೊಂಡರೆ ಕೌಂಟಿಯ ಹೆಸರು, ವರ್ಷ ಇಲ್ಲೇ ಬರೆಯಿರಿ, ಕೂತು ನೋಡೋಣ.