ವಯಸ್ಸು, ಮನೆ, ಬುದ್ಧಿ: ಓಟು ಯಾರಿಗೆ ಅನ್ನುವುದನ್ನು ಇವು ಎಷ್ಟು ಹೇಳುತ್ತವೆ?

ವಯಸ್ಸಾದಂತೆ ಜನ ಬಲಪಂಥಕ್ಕೆ ವಾಲುತ್ತಾರೆ, ಮಕ್ಕಳು ಅಪ್ಪ-ಅಮ್ಮನ ಪಕ್ಷಕ್ಕೇ ಓಟು ಹಾಕುತ್ತಾರೆ, ಬುದ್ಧಿವಂತರು ಎಡಕ್ಕೆ ಹೋಗುತ್ತಾರೆ – ಈ ಮೂರೂ ನಿಜವೇ, 400 ಜನರ ಸಮೀಕ್ಷೆ ಮಾಡಿ ಇದನ್ನು ಪರೀಕ್ಷಿಸಬಹುದೇ ಎಂದು ಕೇಳಿದ್ದೀರಿ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ತೊಂದರೆ ಏನೆಂದರೆ, ವಯಸ್ಸಿನದು ಅಂತ ಕಾಣುವುದರಲ್ಲಿ ಒಳ್ಳೆಯ ಪಾಲು ಹುಟ್ಟಿದ ವರ್ಷದ್ದಾಗಿರುತ್ತದೆ. ಬುದ್ಧಿಯದು ಅಂತ ಕಾಣುವುದರಲ್ಲಿ ಮನೆ ಮತ್ತು ಓದಿನ ಪಾಲು ಸೇರಿಕೊಂಡಿರುತ್ತದೆ. ಬಿಡಿಸದೆ ನೋಡಿದರೆ ಮೂರೂ ದೊಡ್ಡದಾಗಿಯೇ ಕಾಣುತ್ತವೆ.

ಮನೆಯಿಂದ ಶುರು ಮಾಡೋಣ, ಏಕೆಂದರೆ ಕಾಲಕ್ರಮದಲ್ಲಿ ಅದೇ ಮೊದಲು ಬರುವುದು. ಅಮೆರಿಕದಲ್ಲಿ 1965ರಲ್ಲಿ ರಾಜಕೀಯ ವಿಜ್ಞಾನಿಗಳಾದ ಕೆಂಟ್ ಜೆನ್ನಿಂಗ್ಸ್ ಮತ್ತು ರಿಚರ್ಡ್ ನೀಮಿ ಹೈಸ್ಕೂಲಿನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ ಅವರ ತಂದೆ-ತಾಯಿಯರನ್ನೂ ಬೇರೆ ಬೇರೆಯಾಗಿ ಸಂದರ್ಶಿಸಿದರು. ಅದೇ ವಿದ್ಯಾರ್ಥಿಗಳನ್ನು 1973, 1982 ಮತ್ತು 1997ರಲ್ಲಿ ಮತ್ತೆ ಮಾತಾಡಿಸಲಾಯಿತು. 1965ರಲ್ಲಿ ಪೋಷಕರ ಮತ್ತು ಮಕ್ಕಳ ಪಕ್ಷನಿಷ್ಠೆಯ ನಡುವಿನ ಸಹಸಂಬಂಧ (ನಂಟೇ ಇಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1) ಸುಮಾರು 0.47. ಸಮಾಜ ವಿಜ್ಞಾನದಲ್ಲಿ ಇದು ದೊಡ್ಡ ಸಂಖ್ಯೆಯೇ. ಆದರೂ ಅದು 1ರಿಂದ ಬಹಳ ದೂರವೇ ಇದೆ. ‘ನೂಲಿನಂತೆ ಸೀರೆ’ ಅನ್ನುವಷ್ಟು ಬಿಗಿಯಾದ ನಂಟೇನಲ್ಲ. ನಿರ್ದಿಷ್ಟ ನೀತಿಗಳ ಬಗೆಗಿನ ಅಭಿಪ್ರಾಯಗಳಲ್ಲಂತೂ ಸಂಬಂಧ ಇನ್ನೂ ಸಡಿಲ.

ಇದರಲ್ಲಿ ಜನ ಗಮನಿಸದ ಒಂದು ಮಜಲು ಇದೆ. ಅಪ್ಪನ ಪಕ್ಷ ಮಗನಿಗೆ ದಾಟಬೇಕಾದರೆ ಎರಡು ಘಟ್ಟ ಕಳೆಯಬೇಕು: ಮೊದಲು ಅದು ಯಾವುದು ಅಂತ ಮಗನಿಗೆ ಸರಿಯಾಗಿ ಗೊತ್ತಿರಬೇಕು, ಆಮೇಲೆ ಅವನು ಅದನ್ನು ಒಪ್ಪಬೇಕು. ಈ ಎರಡನ್ನೂ ಬೇರ್ಪಡಿಸಿ ನೋಡಿದ 2015ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೋ ಪೋಷಕರ ಪಕ್ಷವನ್ನು ತಪ್ಪಾಗಿ ತಿಳಿದಿದ್ದರು, ಇಲ್ಲವೇ ತಿಳಿದೂ ಬೇಡವೆಂದಿದ್ದರು. ಹಾಗಾಗಿ ನಿಮ್ಮ ಪ್ರಶ್ನಾವಳಿಯಲ್ಲಿ ‘ನಿಮ್ಮ ತಂದೆ ಯಾವ ಪಕ್ಷಕ್ಕೆ ಓಟು ಹಾಕುತ್ತಿದ್ದರು?’ ಎಂದು ಕೇಳಿ, ಬಂದ ಉತ್ತರವನ್ನು ತಂದೆಯ ಓಟು ಅಂತ ಬರೆದುಕೊಂಡರೆ ಕೆಟ್ಟಿತು. ಜನ ತಮ್ಮ ಈಗಿನ ಒಲವನ್ನೇ ಅಪ್ಪನ ತಲೆಗೂ ಕಟ್ಟಿಬಿಡುತ್ತಾರೆ, ಆಗ ಸಂಬಂಧ ನಿಜಕ್ಕಿಂತ ಬಲವಾಗಿ ಕಾಣುತ್ತದೆ. ಸಾಧ್ಯವಾದರೆ ಪೋಷಕರನ್ನೇ ಕೇಳಿ.

ಇನ್ನೊಂದು ವಿಚಿತ್ರ. ಸದಾ ರಾಜಕೀಯ ಮಾತಾಡುವ ಮನೆಯ ಮಕ್ಕಳು ಚಿಕ್ಕಂದಿನಲ್ಲಿ ಪೋಷಕರ ಪಕ್ಷವನ್ನು ಬೇಗ ಹಿಡಿಯುತ್ತಾರೆ. ಮನೆ ಬಿಟ್ಟು ಹೊರಗೆ ಹೋದ ಮೇಲೆ ಅದನ್ನು ಬಿಡುವವರಲ್ಲೂ ಅವರೇ ಮುಂದು ಎಂದು ಸಂಶೋಧಕ ಎಲಿಯಾಸ್ ದಿನಾಸ್ ತೋರಿಸಿದ್ದಾರೆ. ಕಾರಣ ಸರಳ: ಅವರಿಗೆ ರಾಜಕೀಯದಲ್ಲಿ ಆಸಕ್ತಿ ಹುಟ್ಟಿರುತ್ತದೆ, ಹೊಸ ಜಾಗದಲ್ಲಿ ಹೊಸ ವಾದಗಳು ಕಿವಿಗೆ ಬೀಳುತ್ತವೆ.

ಹಿನ್ನೆಲೆ ಎಂದರೆ ಅಪ್ಪ-ಅಮ್ಮನ ಪಕ್ಷ ಮಾತ್ರ ಅಲ್ಲ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಪಾಲ್ ಲಾಝರ್ಸ್‌ಫೆಲ್ಡ್ ತಂಡ ಒಹಾಯೊ ರಾಜ್ಯದ ಈರೀ ಕೌಂಟಿಯಲ್ಲಿ ಒಂದೇ ಗುಂಪಿನ ಜನರನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಸಂದರ್ಶಿಸಿತು. ಪ್ರಚಾರ ಜನರ ಮನಸ್ಸನ್ನು ಹೇಗೆ ಬದಲಿಸುತ್ತದೆ ಅಂತ ನೋಡಲು ಹೋದವರಿಗೆ ಸಿಕ್ಕಿದ್ದು ಬೇರೆಯೇ: ಆರ್ಥಿಕ ಸ್ಥಿತಿ, ಧರ್ಮ, ಹಳ್ಳಿಯೋ ಪಟ್ಟಣವೋ – ಈ ಮೂರು ಗೊತ್ತಿದ್ದರೆ ಓಟನ್ನು ಸಾಕಷ್ಟು ಸರಿಯಾಗಿ ಊಹಿಸಬಹುದಿತ್ತು. ಮೂರೂ ಒಂದೇ ಕಡೆ ಎಳೆದವರು ಬೇಗ ನಿರ್ಧರಿಸಿದರು. ಒಂದು ಅತ್ತ, ಒಂದು ಇತ್ತ ಎಳೆದವರು ಕೊನೆಯ ತನಕ ಹೊಯ್ದಾಡಿದರು.

ಈಗ ವಯಸ್ಸು. ಬ್ರಿಟನ್ನಿನಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಯೂಗವ್ ಸಂಸ್ಥೆಯ ಲೆಕ್ಕದ ಪ್ರಕಾರ 2017ರ ಚುನಾವಣೆಯಲ್ಲಿ ಮತದಾರ ಎಡದ ಲೇಬರ್ ಪಕ್ಷಕ್ಕಿಂತ ಬಲದ ಕನ್ಸರ್ವೇಟಿವ್ ಕಡೆಗೆ ಹೆಚ್ಚು ವಾಲುವ ವಯಸ್ಸು 47. 2019ರ ಡಿಸೆಂಬರ್‌ನಲ್ಲಿ ಅದೇ ಗೆರೆ 39ಕ್ಕೆ ಇಳಿಯಿತು. ಎರಡೂವರೆ ವರ್ಷದಲ್ಲಿ ಯಾರಿಗೂ ಎಂಟು ವರ್ಷ ವಯಸ್ಸಾಗುವುದಿಲ್ಲ. ಬದಲಾದದ್ದು ಪಕ್ಷಗಳು, ನಾಯಕರು, ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಹೊರಬರುವುದು) ಎಂಬ ವಿಷಯ. ಜರ್ಮನಿಯ 2025ರ ಚುನಾವಣೆಯಲ್ಲಂತೂ 24ರೊಳಗಿನವರಲ್ಲಿ ಮೊದಲ ಸ್ಥಾನ ಎಡಪಕ್ಷ ಲಿಂಕೆಗೆ, ಎರಡನೆಯದು ಕಟ್ಟಾ ಬಲದ ಎಎಫ್‌ಡಿಗೆ. ಅಲ್ಲಿನ ಎಳೆಯರನ್ನು ‘ಎಡ’ ಎನ್ನುವುದಕ್ಕಿಂತ ಹಳೇ ಪಕ್ಷಗಳಿಂದ ದೂರ ಸರಿದವರು ಎನ್ನುವುದೇ ಸರಿ.

ವಯಸ್ಸಿನ ಅಂಕಿಅಂಶದಲ್ಲಿ ಮೂರು ಸಂಗತಿ ಹೆಣೆದುಕೊಂಡಿರುತ್ತವೆ: ವಯಸ್ಸಾಗುವಿಕೆ (ಮನೆ, ಮಕ್ಕಳು, ಪಿಂಚಣಿ), ಹುಟ್ಟಿದ ಪೀಳಿಗೆ, ಚುನಾವಣೆ ನಡೆದ ಕಾಲ. ಇವನ್ನು ಬಿಡಿಸುವುದು ಲೆಕ್ಕದ ದೃಷ್ಟಿಯಿಂದಲೇ ಕಷ್ಟ, ಏಕೆಂದರೆ ಚುನಾವಣೆಯ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ಉಳಿಯುವುದೇ ವಯಸ್ಸು. 2020ರಲ್ಲಿ 65 ವರ್ಷದವರೆಲ್ಲ 1955ರ ಆಸುಪಾಸಿನವರೇ. ಒಂದೇ ಸಲ ಮಾಡಿದ ಸಮೀಕ್ಷೆಯಲ್ಲಿ 65ರ ಪ್ರಭಾವ ಯಾವುದು, 1955ರದು ಯಾವುದು ಅಂತ ಹೇಳಲು ದಾರಿಯೇ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಅಷ್ಟೆ. ಅದೇ ಪೀಳಿಗೆಯನ್ನು 25ರಲ್ಲಿ, 45ರಲ್ಲಿ, 65ರಲ್ಲಿ ಕೇಳಿದ ದತ್ತಾಂಶ ಬೇಕು, ಆಗಲೂ ಈ ಮೂರರಲ್ಲಿ ಯಾವುದಾದರೊಂದನ್ನು ಸ್ಥಿರವೆಂದು ಊಹಿಸಿಕೊಳ್ಳಬೇಕಾಗುತ್ತದೆ.

ಪೀಳಿಗೆಯ ಪ್ರಭಾವಕ್ಕೆ ಒಳ್ಳೆಯ ಸಾಕ್ಷಿಯೂ ಇದೆ. ವರ್ಮಾಂಟ್‌ನ ಬೆನ್ನಿಂಗ್ಟನ್ ಕಾಲೇಜಿನ ವಿದ್ಯಾರ್ಥಿನಿಯರನ್ನು 1930ರ ದಶಕದಲ್ಲಿ ಮನೋವಿಜ್ಞಾನಿ ಥಿಯೊಡೋರ್ ನ್ಯೂಕಮ್ ಅಧ್ಯಯನ ಮಾಡಿದರು. ಬಹುತೇಕರು ಅನುಕೂಲಸ್ಥ, ಸಂಪ್ರದಾಯವಾದಿ ಮನೆಗಳಿಂದ ಬಂದವರು. ಓದು ಮುಗಿಯುವ ಹೊತ್ತಿಗೆ ಹಲವರು ಉದಾರವಾದಿಗಳಾಗಿದ್ದರು. 1960ರ ಹೊತ್ತಿಗೆ, ಮತ್ತೆ 1984ರಲ್ಲಿ ಕೇಳಿದಾಗಲೂ ಹೆಚ್ಚಿನವರು ಅಲ್ಲೇ ನಿಂತಿದ್ದರು. ಹದಿಹರೆಯದ ಕೊನೆಯಿಂದ ಇಪ್ಪತ್ತರ ನಡುವಿನ ತನಕ ಬಿದ್ದ ಅಚ್ಚು ಬೇಗ ಅಳಿಸುವುದಿಲ್ಲ. ಮನೆಯ ಪ್ರಭಾವವನ್ನು ಅದು ಮೀರಲೂ ಬಲ್ಲದು.

ಬುದ್ಧಿಮತ್ತೆಯ ಬಗ್ಗೆ ಜನ ಹೆಚ್ಚು ಜೋರಾಗಿ ಮಾತಾಡುತ್ತಾರೆ, ಸಿಕ್ಕಿರುವ ಪುರಾವೆ ಮಾತ್ರ ಮೆತ್ತಗಿದೆ. ಎಲ್ಲರೂ ಉಲ್ಲೇಖಿಸುವುದು ಇಯಾನ್ ಡಿಯರಿ ಮತ್ತು ಸಂಗಡಿಗರ 2008ರ ಪ್ರಬಂಧ: 1970ರಲ್ಲಿ ಹುಟ್ಟಿದ ಬ್ರಿಟಿಷರ ಬುದ್ಧಿಮತ್ತೆಯನ್ನು 10ನೇ ವಯಸ್ಸಿನಲ್ಲಿ ಅಳೆದು, 2001ರ ಚುನಾವಣೆಯ ಓಟಿನ ಜೊತೆ ಹೋಲಿಸಿದ್ದು. ಗ್ರೀನ್ ಮತ್ತು ಲಿಬರಲ್ ಡೆಮಾಕ್ರಾಟ್ ಮತದಾರರ ಸರಾಸರಿ ಐಕ್ಯೂ (ಬುದ್ಧಿಮತ್ತೆಯ ಅಂಕ) ಸುಮಾರು 108, ಕನ್ಸರ್ವೇಟಿವ್ ಮತ್ತು ಲೇಬರ್ ಎರಡರದ್ದೂ 103ರ ಆಸುಪಾಸು, ಓಟೇ ಹಾಕದವರದ್ದು 100ಕ್ಕೆ ಸ್ವಲ್ಪ ಕೆಳಗೆ. ಎರಡು ದೊಡ್ಡ ಪಕ್ಷಗಳ ನಡುವೆ ವ್ಯತ್ಯಾಸವೇ ಇಲ್ಲದಷ್ಟು ಕಡಿಮೆ ಎಂಬುದನ್ನು ಸುದ್ದಿಯಲ್ಲಿ ಬರೆಯುವವರು ಮರೆಯುತ್ತಾರೆ.

ಆ 5 ಅಂಕದ ಅಂತರವನ್ನು ಹತ್ತಿರದಿಂದ ನೋಡಿ. ಐಕ್ಯೂನ ಪ್ರಮಾಣಿತ ವಿಚಲನೆ, ಅಂದರೆ ಜನರ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ, 15. ಅಂದರೆ ಅಂತರ ಅದರ ಮೂರನೇ ಒಂದು ಭಾಗ. 108ರ ಗುಂಪಿನಿಂದ ಒಬ್ಬರನ್ನೂ 103ರ ಗುಂಪಿನಿಂದ ಒಬ್ಬರನ್ನೂ ಕಣ್ಣು ಮುಚ್ಚಿ ಆರಿಸಿ ಜೋಡಿ ಮಾಡಿದರೆ, 100 ಜೋಡಿಗಳಲ್ಲಿ ಸುಮಾರು 59ರಲ್ಲಿ ಮೊದಲನೆಯವರ ಅಂಕ ಹೆಚ್ಚಿರುತ್ತದೆ, ಉಳಿದ 41ರಲ್ಲಿ ಎರಡನೆಯವರದ್ದು. ಒಬ್ಬರ ಓಟು ನೋಡಿ ಅವರ ಬುದ್ಧಿ ಅಳೆಯುವವರು ಈ 41ನ್ನು ನೆನಪಿಟ್ಟುಕೊಳ್ಳಬೇಕು. ಗಟ್ಟಿಯಾಗಿ ಹೇಳಬಹುದಾದದ್ದು ಯಾರಿಗೆ ಓಟು ಅನ್ನುವುದಕ್ಕಿಂತ, ಮತಗಟ್ಟೆಗೆ ಹೋಗುತ್ತಾರೋ ಇಲ್ಲವೋ ಅನ್ನುವುದರ ಬಗ್ಗೆ.

ಪಕ್ಷದ ಆಯ್ಕೆಯಲ್ಲಿ ಬುದ್ಧಿಯ ನಂಟು ಏಕೆ ಸಡಿಲ? ಪಾಶ್ಚಾತ್ಯ ದೇಶಗಳ ದತ್ತಾಂಶದಲ್ಲಿ ಹೆಚ್ಚಿನ ಅಂಕದವರು ಸಾಮಾಜಿಕ ವಿಷಯಗಳಲ್ಲಿ ತುಸು ಉದಾರವಾದಿಗಳಾಗಿ ಕಾಣುತ್ತಾರೆ; ಆರ್ಥಿಕ ವಿಷಯಗಳಲ್ಲಿ ಹಲವು ಕಡೆ ಮಾರುಕಟ್ಟೆಯ ಪರ. ಎರಡನ್ನೂ ಒಟ್ಟಿಗೆ ಕೊಡುವ ದೊಡ್ಡ ಪಕ್ಷಗಳು ಅಪರೂಪ. ಒಂದು ಒಲವು ಎಡಕ್ಕೆ, ಇನ್ನೊಂದು ಬಲಕ್ಕೆ ಎಳೆದು ಒಟ್ಟು ಲೆಕ್ಕದಲ್ಲಿ ಪರಸ್ಪರ ಅಳಿಸಿಹೋಗುತ್ತವೆ. ಆದ್ದರಿಂದ ‘ಎಡವೋ ಬಲವೋ’ ಎಂಬ ಒಂದೇ ಪ್ರಶ್ನೆ ಕೇಳಬೇಡಿ. ಸಾಮಾಜಿಕ ವಿಷಯದ್ದು ನಾಲ್ಕೈದು, ಆರ್ಥಿಕ ವಿಷಯದ್ದು ನಾಲ್ಕೈದು ಬೇರೆ ಬೇರೆಯಾಗಿ ಕೇಳಿ.

ನಿಮ್ಮ ಸಮೀಕ್ಷೆಯಲ್ಲಿ ಪೂರ್ತಿ ಐಕ್ಯೂ ಪರೀಕ್ಷೆ ಆಗದ ಮಾತು. ಅಮೆರಿಕದ ದೊಡ್ಡ ಸಮೀಕ್ಷೆಯೊಂದು ದಶಕಗಳಿಂದ 10 ಪದಗಳ ಅರ್ಥ ಕೇಳುವ ಚಿಕ್ಕ ಪರೀಕ್ಷೆಯನ್ನು ಬಳಸುತ್ತಿದೆ, ನೀವೂ ಹಾಗೆ ಮಾಡಬಹುದು. ಆದರೆ ಪದಜ್ಞಾನ ವಯಸ್ಸಿನೊಂದಿಗೆ ಬಹಳ ಕಾಲ ಬೆಳೆಯುತ್ತದೆ. ಒಗಟು ಬಿಡಿಸುವ ವೇಗ ಬೇಗ ಕುಗ್ಗುತ್ತದೆ. ಮೊದಲನೆಯದನ್ನು ಅಳೆದರೆ ಹಿರಿಯರು ಜಾಣರಾಗುತ್ತಾರೆ, ಎರಡನೆಯದನ್ನು ಅಳೆದರೆ ಕಿರಿಯರು. ಹಾಗಾಗಿ ಅಂಕಗಳನ್ನು ಸಮವಯಸ್ಕರೊಳಗೇ ಹೋಲಿಸಿ. ಬೇರೆ ಭಾಷೆಯ ಮಾಧ್ಯಮದಲ್ಲಿ ಓದಿದವರಿಗೆ ಪದಪರೀಕ್ಷೆ ಅನ್ಯಾಯ ಮಾಡುತ್ತದೆ, ಅದನ್ನೂ ದಾಖಲಿಸಿಕೊಳ್ಳಿ.

ವಿಶ್ಲೇಷಣೆಯಲ್ಲಿ ಹೆಚ್ಚಾಗಿ ಎಡವುವುದು ಶಿಕ್ಷಣದ ಹತ್ತಿರ. ಪೋಷಕರ ಆದಾಯ, ಅವರ ಓದು – ಇವು ಮಗುವಿನ ಅಂಕಕ್ಕೂ ಮುಂದಿನ ಓಟಿಗೂ ಮೊದಲೇ ಇದ್ದವು, ಇವನ್ನು ಸಮೀಕರಣಕ್ಕೆ ಸೇರಿಸಲೇಬೇಕು. ಮತದಾರನ ಸ್ವಂತ ಓದು ಹಾಗಲ್ಲ, ಅದು ಬುದ್ಧಿ ಮತ್ತು ಓಟಿನ ನಡುವಿನ ದಾರಿಯಲ್ಲೇ ಬರುತ್ತದೆ. ಅದನ್ನು ಸೇರಿಸಿದರೆ ಬುದ್ಧಿಯ ಪ್ರಭಾವ ಕುಗ್ಗಿ, ‘ಬುದ್ಧಿಗೆ ಸಂಬಂಧವೇ ಇಲ್ಲ’ ಎಂಬ ತಪ್ಪು ಉತ್ತರ ಬರಬಹುದು. ಸೇರಿಸದೆ ಒಮ್ಮೆ, ಸೇರಿಸಿ ಒಮ್ಮೆ ಲೆಕ್ಕ ಹಾಕಿ, ಎರಡನ್ನೂ ವರದಿ ಮಾಡಿ. ಓಟು ಹಾಕದವರನ್ನು ತೆಗೆದುಹಾಕಬೇಡಿ, ಅವರನ್ನು ಪ್ರತ್ಯೇಕ ವರ್ಗವಾಗಿಡಿ; ಹಾಕದೆಯೂ ಹಾಕಿದೆ ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ.

ಕೊನೆಗೆ ಸಂಖ್ಯೆ. 400 ಜನರಲ್ಲಿ 18–24ರವರು 50 ಮಂದಿ ಸಿಕ್ಕರೆ, ಆ ಗುಂಪಿನ ಶೇಕಡಾವಾರಿನ ಅನಿಶ್ಚಿತತೆ ಎರಡೂ ಕಡೆ ಸುಮಾರು 14 ಅಂಶ. ಶೇ. 45 ಎಂದು ಬಂದದ್ದು 31 ಇರಬಹುದು, 59 ಇರಬಹುದು. ಅದನ್ನು ಮತ್ತೆ ಬುದ್ಧಿ, ಮನೆತನ ಅಂತ ಸೀಳಿದರೆ ಕೈಯಲ್ಲಿ ಏಳೆಂಟು ಜನ ಉಳಿಯುತ್ತಾರೆ. ಆದ್ದರಿಂದ ವಯೋಗುಂಪು ಮಾಡುವುದನ್ನು ಬಿಟ್ಟು ಹುಟ್ಟಿದ ವರ್ಷವನ್ನೇ ಬರೆಸಿಕೊಳ್ಳಿ, ಮತ್ತು ಮೂರು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿ. ನನ್ನನ್ನು ಕೇಳಿದರೆ ಮನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ: ಪೋಷಕ ಮತ್ತು ಮಗು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದ 200 ಜೋಡಿಗಳಲ್ಲಿ 0.4ರ ಆಸುಪಾಸಿನ ಸಂಬಂಧ ಇದ್ದರೆ ಸ್ಪಷ್ಟವಾಗಿ ಕಾಣುತ್ತದೆ.