ಬಿರುಗಾಳಿಗೆ ಒಡೆದ ಚಾವಣಿ: ಸರ್ವೇಯರ್ ಬರುವವರೆಗೆ ಕಾಯಬೇಕೇ?

ಪ್ರಶ್ನೆ: ಕಳೆದ ವಾರದ ಆಲಿಕಲ್ಲು ಮಳೆಯಲ್ಲಿ ರಸ್ತೆಬದಿಯ ಗುಲ್‌ಮೊಹರ್ ಮರದ ಕೊಂಬೆಯೊಂದು ನಮ್ಮ ಮಹಡಿಯ ಕೋಣೆಯ ಮೇಲೆ ಬಿದ್ದು ಸಿಮೆಂಟ್ ಶೀಟುಗಳೂ ಸೋಲಾರ್ ಹೀಟರಿನ ಕೊಳವೆಗಳೂ ಒಡೆದಿವೆ. ಗೋಡೆಯೊಳಗೆ ನೀರಿಳಿದಿದೆ. ಮನೆಗೆ ಭಾರತ್ ಗೃಹ ರಕ್ಷಾ ಎಂಬ ವಿಮಾ ಪಾಲಿಸಿ ಇದೆ. ನಷ್ಟ ಅಂದಾಜಿಸುವ ವಿಮಾ ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬಾರದು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಆದರೆ ದಿನವೂ ಸಂಜೆ ಮೋಡ ಕಟ್ಟುತ್ತಿದೆ.
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಪಕ್ಕದ ಮನೆಯವರ ಮಾತು ಅರ್ಧ ಮಾತ್ರ ಸರಿ. ದುರಸ್ತಿಗೆ ಕಾಯಬೇಕು, ರಕ್ಷಣೆಗೆ ಕಾಯಬಾರದು. ನಷ್ಟ ಮತ್ತಷ್ಟು ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರರದೇ ಹೊಣೆಯಾದ್ದರಿಂದ, ಚಾವಣಿಯನ್ನು ತೆರೆದಿಟ್ಟು ಎರಡನೆಯ ಮಳೆಗೆ ಒಳಗಿನ ಮಂಚ, ಬೀರು ಹಾಳಾದರೆ ಅದಕ್ಕೆ ಪರಿಹಾರ ಕೇಳುವುದು ಕಷ್ಟವಾದೀತು. ಇಂದೇ ಎಲ್ಲ ಕೋನಗಳಿಂದ ಫೋಟೊ, ವಿಡಿಯೊ ತೆಗೆದು, ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಆಮೇಲೆ ಟಾರ್ಪಾಲಿನ್ ಕಟ್ಟಿಸಿ. ಅದರ ರಸೀದಿಯನ್ನೂ ಒಡೆದ ಶೀಟಿನ ಚೂರುಗಳನ್ನೂ ಸರ್ವೇಯರ್ ನೋಡುವವರೆಗೆ ಎಸೆಯಬೇಡಿ. ಈ ಪಾಲಿಸಿಯಲ್ಲಿ ಬಿರುಗಾಳಿಯಷ್ಟೇ ಅಲ್ಲ, ಮರ ಬಿದ್ದು ಆಗುವ ಹಾನಿಯೂ ಸೇರಿದೆ. ಆದರೆ ವರ್ಷಗಳಿಂದ ಇದ್ದ ಹಳೆಯ ಸೋರಿಕೆಯನ್ನು ಈ ಮಳೆಯ ಲೆಕ್ಕಕ್ಕೆ ಸೇರಿಸಲು ಹೋಗಬೇಡಿ. ಹಳೆಯ ಕಲೆಗೂ ಹೊಸ ಕಲೆಗೂ ಇರುವ ವ್ಯತ್ಯಾಸ ಸರ್ವೇಯರ್ ಕಣ್ಣಿಗೆ ಬೀಳದೆ ಇರದು.

ಮಹಡಿ ಹತ್ತುವ ಮೊದಲು ವಿದ್ಯುತ್ತಿನ ಕಡೆ ಗಮನ ಕೊಡಿ. ಮೇನ್ ಸ್ವಿಚ್ ಆರಿಸಿದರೂ ಯುಪಿಎಸ್‌ನಿಂದ ದೀಪ, ಫ್ಯಾನುಗಳಿಗೆ ಕರೆಂಟು ಹರಿಯುತ್ತಲೇ ಇರುತ್ತದೆಂಬುದನ್ನು ನಮ್ಮಲ್ಲಿ ಬಹಳ ಮಂದಿ ಮರೆಯುತ್ತಾರೆ. ಅದನ್ನೂ, ಹೀಟರಿನ ಟ್ಯಾಂಕಿನಲ್ಲಿ ವಿದ್ಯುತ್ ಕಾಯಿಲ್ ಇದ್ದರೆ ಅದರ ಸ್ವಿಚ್ಚನ್ನೂ ಆರಿಸಿ. ಕೊಂಬೆ ತಂತಿಗೆ ತಾಗಿದ್ದರೆ ಮುಟ್ಟದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಮರ ರಸ್ತೆಯದಾದ್ದರಿಂದ ಅದನ್ನು ತೆರವುಗೊಳಿಸಲು ಪಾಲಿಕೆಗೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕ್ಲೇಮಿಗೂ ಅದು ಆಧಾರವಾಗುತ್ತದೆ.

ಸಿಮೆಂಟ್ ಶೀಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಒಣ ಚೂರನ್ನು ಗುಡಿಸಿದರೆ ಏಳುವ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ. ನೀರು ಚಿಮುಕಿಸಿ, ಮಾಸ್ಕ್ ಧರಿಸಿ, ಇನ್ನಷ್ಟು ಪುಡಿಯಾಗದಂತೆ ದಪ್ಪ ಚೀಲಕ್ಕೆ ತುಂಬಿಸಿ. ಗೋಡೆ ಪೂರ್ತಿ ಒಣಗುವ ಮುನ್ನ ಪುಟ್ಟಿ, ಬಣ್ಣ ಹೊಡೆಸಬೇಡಿ. ಪೇಂಟರುಗಳು ಅವಸರಪಡಿಸಿದರೂ ಒಪ್ಪಬೇಡಿ, ಅದು ಪದರ ಪದರವಾಗಿ ಏಳುತ್ತದೆ.

ಪ್ರಶ್ನೆ: ನಾವು ಬಾಡಿಗೆದಾರರು. ಮಳೆನೀರು ನುಗ್ಗಿ ಟಿವಿ, ಹಾಸಿಗೆ ಹಾಳಾದವು. ಮಾಲೀಕರ ವಿಮೆಯಿಂದ ನಮಗೆ ಪರಿಹಾರ ಸಿಗುತ್ತದೆಯೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಇಲ್ಲ. ಮಾಲೀಕರ ಪಾಲಿಸಿ ಅವರ ಕಟ್ಟಡಕ್ಕೆ ಮತ್ತು ಅವರ ವಸ್ತುಗಳಿಗೆ ಮಾತ್ರ. ಬಾಡಿಗೆದಾರರು ಮನೆಯ ಸಾಮಾನಿಗಷ್ಟೇ ಪ್ರತ್ಯೇಕ ಪಾಲಿಸಿ ಪಡೆಯಬಹುದು, ಆದರೆ ಅದು ಮುಂದಿನ ಮಳೆಗೆ. ಈಗಾಗಲೇ ಆಗಿರುವ ನಷ್ಟಕ್ಕೆ ಅನ್ವಯಿಸದು.